ಬೂಬಮ್ಮನ ಗೋಡೆಯ ಹುದ್‌ಹುದ್

ಬೆಂದ ರೇಷ್ಮೆಗೂಡಿನ ವಾಸನೆ ಹೊರಗಿನವರಿಗೆ ಮೂಗು ಮುಚ್ಚಿಸುವಂಥದ್ದು. ನನಗೆ ಮಾತ್ರ ಈಗಲೂ ಶಿಡ್ಲಘಟ್ಟದ ಯಾವುದಾದರೂ ಓಣಿಯಲ್ಲಿ ಆ ಬಿಸಿ, ಹಸಿ, ಕೊಂಚ ಒಣಮೀನಿನಂಥ ವಾಸನೆ ಎದುರಾದರೆ ಕಾಲು ತಾನಾಗಿ ನಿಧಾನವಾಗುತ್ತದೆ. ಎಂಬತ್ತರ ದಶಕದ ಕೊನೆಯಲ್ಲಿ ನಾವು ಅಲ್ಲಿ ಬಾಡಿಗೆಗಿದ್ದ ಮನೆಯ ಹಿತ್ತಿಲು ಹಗಲೆಲ್ಲ ಆ ವಾಸನೆಯಲ್ಲೇ ಮುಳುಗಿರುತ್ತಿತ್ತು. ಅಪ್ಪನಿಗೆ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತೆ ಕೆಲಸ. ಮನೆಯ ಒಡತಿಯನ್ನು ಬೀದಿಯವರೆಲ್ಲ ಬೂಬಮ್ಮ ಎಂದೇ ಕರೆಯುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಗೂಡು ಬೇಯಿಸಿ ನೂಲು ತೆಗೆಯುವ ಶೆಡ್ಡನ್ನು ಆಕೆಯೇ ನಡೆಸುತ್ತಿದ್ದರು. ಆ ಶೆಡ್ಡಿಗೂ ನಮ್ಮ ಹಿತ್ತಿಲಿಗೂ ನಡುವೆ ಇದ್ದದ್ದು ಒಂದು ಹಳೆಯ ಮಣ್ಣಿನ ಗೋಡೆ.

ನಮ್ಮ ಬೆಕ್ಕಿನ ಹೆಸರು ರಾಣಿ. ಹಿಡಿದದ್ದನ್ನು ಬಿಟ್ಟ ಪ್ರಾಣಿಯಲ್ಲ ಅದು. ಬೇಸಿಗೆ ರಜೆಯ ಒಂದು ಬೆಳಿಗ್ಗೆ ಬಾಯಲ್ಲಿ ಏನನ್ನೋ ಕಚ್ಚಿಕೊಂಡು ಹಿತ್ತಿಲಿನಿಂದ ಓಡಿಬಂದ ರಾಣಿ, ಅಡುಗೆಮನೆಯ ಹೊಸಿಲಿನ ಹತ್ತಿರ ಅದನ್ನು ಥಟ್ಟನೆ ಉಗುಳಿತು. ಬಾಯಲ್ಲಿ ನೊರೆ. ಮುಂಗಾಲಿನಿಂದ ಮೂತಿ ಒರೆಸಿಕೊಳ್ಳುತ್ತ ಹಿಂದಕ್ಕೆ ಸರಿಯಿತು. ಕೊಳೆತ ಮಾಂಸದಂಥ ನಾತ ಅಡುಗೆಮನೆಯನ್ನೆಲ್ಲ ಹೊಕ್ಕಿತು. ನೆಲದ ಮೇಲೆ ಬಿದ್ದಿದ್ದದ್ದು ಒಂದು ಹಕ್ಕಿಮರಿ. ಮೈಮೇಲೆ ಬಿಚ್ಚಿದ ಗರಿಗಿಂತ ಮುಳ್ಳಿನಂಥ ಮೊಳಕೆಗರಿಯೇ ಹೆಚ್ಚು, ಬಾಯಂಚಿನಲ್ಲಿ ದಪ್ಪ ಬಿಳಿ ತುಟಿ. ನಾನು ಕೈಚಾಚಿದೆ. ಅದು ಕತ್ತು ಆಡಿಸಿ ಬುಸ್ಸೆಂದಿತು.

"ಮುಟ್ಬೇಡ ಕಣೇ! ಹಾವಿನ ಥರ ಬುಸ್ ಅಂತಿದೆ," ಎಂದು ಅಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡಳು.

ಹತ್ತು ವರ್ಷದ ನನಗೆ ಅದಕ್ಕಿಂತ ದೊಡ್ಡ ಆಕರ್ಷಣೆ ಏನಿದ್ದೀತು? ಹಾವಿನಂತೆ ಬುಸುಗುಟ್ಟುವ, ಬೆಕ್ಕಿಗೂ ವಾಕರಿಕೆ ತರುವ ಹಕ್ಕಿ! ಒಂದು ಹಳೆಯ ಮೊರದಲ್ಲಿ ಬಟ್ಟೆ ಹಾಸಿ ಮರಿಯನ್ನು ಮಲಗಿಸಿದೆ. ಅನ್ನ ಹಿಸುಕಿ ಇಟ್ಟೆ, ಮುದ್ದೆಯ ಚೂರು ಇಟ್ಟೆ. ಅದು ಕೊಕ್ಕು ಬಿಚ್ಚಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಕತ್ತು ವಾಲತೊಡಗಿದಾಗ ನನಗೆ ಅಳುವೇ ಬಂತು. ಮೊರ ಎತ್ತಿಕೊಂಡು ಗೋಡೆ ಬಳಸಿ ಶೆಡ್ಡಿಗೆ ಓಡಿದೆ.

ಬೂಬಮ್ಮ ಬಾಣಲೆಯ ಮುಂದಿನಿಂದ ಎದ್ದುಬಂದು ಮೊರದ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತರು. ಬಿಸಿನೀರಿನಲ್ಲಿ ಆಡಿ ಆಡಿ ಬೆರಳ ತುದಿಗಳೆಲ್ಲ ಬೆಳ್ಳಗೆ ಸುಕ್ಕುಗಟ್ಟಿದ್ದ ಕೈ ಅವರದು. ನೂಲು ಬಿಚ್ಚಿದ ಮೇಲೆ ಉಳಿಯುವ ಬೆಂದ ಹುಳುವೊಂದನ್ನು ಊದಿ ಆರಿಸಿ, ಚಿವುಟಿ, ಮರಿಯ ಕೊಕ್ಕಿನ ಪಕ್ಕಕ್ಕೆ ತಾಗಿಸಿದರು. ಬಾಯಿ ಅಗಲವಾಗಿ ತೆರೆಯಿತು. ಒಂದು, ಎರಡು, ಐದು. ತಿಂದ ಸೊಕ್ಕಿಗೋ ಏನೋ, ನೆತ್ತಿಯ ಮೇಲೆ ಮಡಚಿಕೊಂಡಿದ್ದ ಗರಿಗಳು ಒಮ್ಮೆಲೆ ಬೀಸಣಿಗೆಯಂತೆ ಬಿಚ್ಚಿಕೊಂಡವು.

"ಯಾ ಅಲ್ಲಾ, ಇದು ಹುದ್‌ಹುದ್ ಕಣಮ್ಮಾ! ಸುಲೈಮಾನ್ ಪೈಗಂಬರರಿಗೆ ದೂರದೇಶದ ರಾಣಿಯೊಬ್ಬಳ ಸುದ್ದಿ ತಂದುಕೊಟ್ಟ ಹಕ್ಕಿ." ಬೂಬಮ್ಮನ ಮುಖ ನನ್ನ ವಯಸ್ಸಿನ ಹುಡುಗಿಯದರಂತಾಗಿತ್ತು. "ದೊಡ್ಡದನ್ನ ದಿನಾ ನೋಡ್ತೀನಿ. ಬಿಸಿಲಿಗೆ ಹರವಿದ ಹುಳ ಕದಿಯೋಕೆ ಬರತ್ತೆ, ನಾನೇ ಓಡಿಸ್ತೀನಿ. ಮರಿ ಹಿಂಗಿರತ್ತೆ ಅಂತ ಇವತ್ತೇ ಗೊತ್ತಾಗಿದ್ದು."

ಹಾಗಾದರೆ ಗೂಡು ಎಲ್ಲಿ? ಬಾಗಿಲ ಮರೆಯಲ್ಲಿ ನಾವಿಬ್ಬರೂ ಕಾದು ಕುಳಿತೆವು. ಕಂದುಬಣ್ಣದ ಮೈ, ರೆಕ್ಕೆಯ ಮೇಲೆ ಕಪ್ಪುಬಿಳಿ ಪಟ್ಟೆ; ತಾಯಿಹಕ್ಕಿ ನೆಲಕ್ಕಿಳಿದು ಒಂದು ಹುಳು ಕಚ್ಚಿಕೊಂಡು ನೇರ ಆ ಮಣ್ಣಿನ ಗೋಡೆಗೇ ಹಾರಿತು. ಶೆಡ್ಡಿನ ಸೂರಿನ ಹತ್ತಿರ ಒಂದು ಬಿರುಕು, ಅದರೊಳಕ್ಕೆ ನುಸುಳಿತು. ನಾನು ಚಪ್ಪಾಳೆ ತಟ್ಟಿದೆ. ಬೂಬಮ್ಮ ತಟ್ಟಲಿಲ್ಲ. ಶೆಡ್ಡನ್ನು ದೊಡ್ಡದು ಮಾಡಿಸಬೇಕೆಂದು ಅವರು ಇಟ್ಟಿಗೆ ತರಿಸಿದ್ದರು. ಮರುದಿನ ಬೆಳಿಗ್ಗೆ ಆ ಗೋಡೆಯನ್ನೇ ಕೆಡವುವುದಿತ್ತು.

ಬೆಳಿಗ್ಗೆ ಹಾರೆ ಹಿಡಿದು ಬಂದ ಮೇಸ್ತ್ರಿ ವೆಂಕಟರಾಯಪ್ಪ, ಗೋಡೆ ಈಗಲೇ ಕೆಡವಬೇಡ ಎಂದದ್ದು ಕೇಳಿ ನಕ್ಕುಬಿಟ್ಟ. "ಒಂದು ಪಿಟ್ಟಗೋಸ್ಕರ, ಒಂದು ಹಕ್ಕಿಗೋಸ್ಕರ ಕೆಲ್ಸ ನಿಲ್ಲಿಸ್ತಾರಾ ಬೂಬಮ್ಮಾ?"

"ದಿನಾ ಹುಳ ಬೇಯಿಸಿ ಬದುಕೋಳು ನಾನು, ವೆಂಕಟ್ರಾಯಪ್ಪ. ಎಷ್ಟು ಜೀವ ತೆಗ್ದಿದೀನೋ ನಂಗೇ ಗೊತ್ತಿಲ್ಲ. ಇವು ಹಾರಿ ಹೋಗ್ಲಿ, ಆಮೇಲೆ ಬಾ."

ಅವನು ಹಾರೆಯನ್ನು ಪಕ್ಕಕ್ಕಿಟ್ಟ. ಏಣಿ ತಂದು ತಾನೇ ಹತ್ತಿ, ಮರಿಯನ್ನು ಬಿರುಕಿನೊಳಕ್ಕೆ ಬಿಟ್ಟ. ಒಳಗಿನಿಂದ ನಾಲ್ಕಾರು ಬುಸುಗುಟ್ಟುವಿಕೆ ಒಟ್ಟಿಗೇ ಕೇಳಿತು. "ಥೂ! ಮುಖಕ್ಕೇ ಹಿಕ್ಕೆ ಹಾರಿಸಿಬಿಟ್ವಲ್ಲಪ್ಪಾ!" ಎಂದು ಕೂಗುತ್ತ ಇಳಿದವನು ನಲ್ಲಿಗೆ ಓಡಿದ. ಅಮ್ಮ ಕೂಡ ಅಂದು ಮನಸಾರೆ ನಕ್ಕಳು. ಆದರೆ ಮನುಷ್ಯರ ಕೈ ತಾಗಿದ ಮರಿಯನ್ನು ತಾಯಿ ಸೇರಿಸುತ್ತದೋ ಇಲ್ಲವೋ? ಬೂಬಮ್ಮ ಬಾಣಲೆ ಬಿಟ್ಟು, ನಾನು ಊಟ ಬಿಟ್ಟು ನೋಡುತ್ತ ನಿಂತೆವು. ತಾಯಿಹಕ್ಕಿ ಏಣಿಯ ಮೇಲೆ ಕುಳಿತು ಬಹಳ ಹೊತ್ತು ಅತ್ತಿತ್ತ ನೋಡಿತು. ಆಮೇಲೆ ಒಳಕ್ಕೆ ಹೋಯಿತು. ಬೂಬಮ್ಮ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದದ್ದು ಆಗಲೇ ನನಗೆ ಗೊತ್ತಾದದ್ದು.

ಮುಂದಿನ ಹತ್ತು ಹನ್ನೆರಡು ದಿನ ರಾಣಿಗೆ ಸೆರೆವಾಸ. ಸೌದೆ ಕೋಣೆಯಲ್ಲಿ ಕೂಡಿಹಾಕಿದ್ದ ಅದರ ಗೋಳಾಟ ಕೇಳಲಾಗದೆ ಅಪ್ಪ ಕಚೇರಿಗೆ ಬೇಗ ಹೊರಟುಬಿಡುತ್ತಿದ್ದರು. ಕೊನೆಗೊಂದು ಬೆಳಿಗ್ಗೆ ಮರಿಗಳು ಒಂದೊಂದಾಗಿ ಬಿರುಕಿನ ಬಾಯಿಗೆ ಬಂದು ನಿಂತು, ತೂಗಾಡಿ, ಎದುರಿನ ಬೇವಿನ ಮರಕ್ಕೆ ಹಾರಿದವು. ನಾಲ್ಕು.

"ನಮ್ದು ಯಾವ್ದು ಬೂಬಮ್ಮಾ?"

"ಯಾವ್ದಾದ್ರೆ ಏನಮ್ಮಾ, ಎಲ್ಲಾ ಹೋದ್ವಲ್ಲ," ಎಂದರು. ಮರುದಿನ ಗೋಡೆ ಬಿತ್ತು.

ಹೊಸ ಗೋಡೆ ಏಳುವ ಮೊದಲೇ ಅಪ್ಪನಿಗೆ ಗೌರಿಬಿದನೂರಿಗೆ ವರ್ಗವಾಯಿತು. ಮತ್ತೆ ಬರುತ್ತೇವೆ ಎಂದು ಹೇಳಿ ಹೊರಟವರು ಬಹಳ ವರ್ಷ ಆ ಕಡೆ ಹೋಗಲಿಲ್ಲ. ಕಾಲೇಜು ಓದುತ್ತಿದ್ದಾಗ ಚಿಕ್ಕಬಳ್ಳಾಪುರದ ಬಸ್ ನಿಲ್ದಾಣದಲ್ಲಿ ಬೂಬಮ್ಮನ ಮಗಳು ನಸೀಮಾ ಸಿಕ್ಕರು. ಅವರ ತಾಯಿ ತೀರಿಕೊಂಡು ಆಗಲೇ ಆರು ತಿಂಗಳಾಗಿತ್ತು; ಶೆಡ್ಡೂ ಮನೆಯೂ ಬೇರೆಯವರ ಪಾಲಾಗಿದ್ದವು. ಗೋಡೆಯ ಮಾತನ್ನು ಅವರೇ ಎತ್ತಿದರು: "ಹೊಸ ಗೋಡೆ ಕಟ್ಟಿಸುವಾಗ ಅಮ್ಮೀ ಮೇಲಿನ ಸಾಲಲ್ಲಿ ಒಂದು ಇಟ್ಟಿಗೆಯಷ್ಟು ಜಾಗ ತುಂಬೋಕೆ ಬಿಡಲಿಲ್ಲ, ಗೊತ್ತಾ? ಮೇಸ್ತ್ರಿ ಎಷ್ಟು ಹೇಳಿದ್ರೂ ಕೇಳಲಿಲ್ಲ. ಹುದ್‌ಹುದ್ ಬರಲೇ ಇಲ್ಲ. ಅಳಿಲು ಬಂತು. ಮಳೆ ಬಂದ್ರೆ ಆ ತೂತಿಂದ ಒಳಗೆಲ್ಲ ನೀರು. ಆದ್ರೂ ಇರೋವರೆಗೂ ಮುಚ್ಚಿಸಲಿಲ್ಲ."

ಅಷ್ಟರಲ್ಲಿ ಅವರ ಚಿಂತಾಮಣಿ ಬಸ್ಸು ಬಂತು. ಕಿಟಕಿಯಿಂದ ಅವರು ಕೈಬೀಸಿದಾಗ ನಾನೂ ಬೀಸಿದೆ, ಬಸ್ಸು ತಿರುವಿನಲ್ಲಿ ಮರೆಯಾದ ಮೇಲೂ ಸ್ವಲ್ಪ ಹೊತ್ತು ಕೈ ಇಳಿಸಲಿಲ್ಲ.