ಹತ್ತೇ ಜನ ಆಡಿದ ಪಂದ್ಯ

ಕುಳಿತಲ್ಲಿ ಕೂರಲಾಗದ ಚಾಳಿ ನನಗೆ ಮೊದಲಿನಿಂದಲೂ ಇದೆ. ಆದರೆ ಈ ವರ್ಷದ ಚಡಪಡಿಕೆಗೆ ಕಾರಣ ಆ ಚಾಳಿಯಲ್ಲ, ಮಾಲ್ಟಾ ಎಂಬ ಪುಟ್ಟ ದ್ವೀಪದೇಶದ ಒಂದು ಫುಟ್‌ಬಾಲ್ ಕ್ಲಬ್ಬು. ನಾನು ಮೈಸೂರಿನವಳು. ಶಿಕಾಗೋ ಪಕ್ಕದ ನೇಪರ್‌ವಿಲ್‌ನಲ್ಲಿ ಮನೆ, ಲಿಸ್ಲ್‌ನಲ್ಲಿ ಆಫೀಸು. ಫುಟ್‌ಬಾಲಿಗೂ ನನಗೂ ಯಾವ ಜನ್ಮದ ನಂಟೂ ಇಲ್ಲ. ಆದರೂ ಆ ಕ್ಲಬ್ಬಿನ ಚರಿತ್ರೆಯಲ್ಲಿ ನಾನು ಮಾಡಿದ ಒಂದು ಘನಂದಾರಿ ಕೆಲಸ ಅಚ್ಚಾಗಿ ಕೂತಿದೆ.

ಹನ್ನೆರಡು ವರ್ಷದ ಹಿಂದೆ ನನ್ನ ಗಂಡನಿಗೆ ಡೆಟ್ರಾಯಿಟ್ ಕಡೆ ಒಂದು ಕಾರು ಕಂಪನಿಯ ಪ್ರಾಜೆಕ್ಟು ಸಿಕ್ಕಿ, ಡಿಯರ್‌ಬಾರ್ನ್‌ನಲ್ಲಿ ಒಂದು ಮನೆಯ ಮಹಡಿಯನ್ನು ಬಾಡಿಗೆಗೆ ಹಿಡಿದಿದ್ದೆವು. ಕೆಳಗೆ ಮನೆಯ ಮಾಲೀಕರು, ಮಾಲ್ಟಾದ ಮುದುಕ, ಒಬ್ಬರೇ. ಮೊದಲ ದಿನವೇ ಅಭ್ಯಾಸಬಲದಿಂದ ಅವರನ್ನು ಅಂಕಲ್ ಎಂದು ಕರೆದೆ.

"ಅಂಕಲ್ಲಾ? ನಾನು ನಿನಗೆ ಅಪ್ಪನ ಕಡೆಯವನೋ, ಅಮ್ಮನ ಕಡೆಯವನೋ?" ಎಂದು ತೀರಾ ಗಂಭೀರವಾಗಿ ಕೇಳಿದರು.

"ಬಾಡಿಗೆ ಕಡೆಯವರು," ಎಂದೆ. ಹೊಟ್ಟೆ ಹಿಡಿದುಕೊಂಡು ನಕ್ಕರು. ಅವತ್ತಿನಿಂದ ಅಂಕಲ್ಲೇ ಗಟ್ಟಿಯಾಯಿತು.

ಅದೇ ಸಂಜೆ ತಮ್ಮ ಪಂದ್ಯದ ಕಥೆ ಹೇಳಿದರು. ಜೀವನವಿಡೀ ಕಾರು ಕಾರ್ಖಾನೆಯಲ್ಲಿ ದುಡಿದವರು. ಅದಕ್ಕೂ ಮೊದಲು, ಇಪ್ಪತ್ತರ ವಯಸ್ಸಿನಲ್ಲಿ, ತಮ್ಮೂರಿನ ಕ್ಲಬ್ಬಿಗೆ ಒಂದು ಪಂದ್ಯ ಆಡಿದ್ದರು. ಒಂದೇ ಒಂದು. ಅವರ ಅಣ್ಣ ಆ ತಂಡದ ಬೆನ್ನೆಲುಬು, ವರ್ಷಗಟ್ಟಲೆ ಆಡಿದವನು. ಆ ಭಾನುವಾರ ಯಾರಿಗೋ ಜ್ವರ ಬಂತು, ಜೆರ್ಸಿ ತಮ್ಮನ ಪಾಲಿಗೆ ಬಂತು. ಚೆಂಡು ಇವರ ಹತ್ತಿರ ಮೂರು ಸಲ ಬಂತಂತೆ, ಎರಡು ಸಲ ಕಳೆದುಕೊಂಡರಂತೆ. ಅಲ್ಲಿನ ಮೈದಾನದಲ್ಲಿ ಆಗ ಹುಲ್ಲೇ ಇರಲಿಲ್ಲ, ಬರೀ ಜಲ್ಲಿಪುಡಿ. ಪ್ಯಾಂಟು ಮೇಲೆತ್ತಿ ಮಂಡಿಯ ಕಲೆ ತೋರಿಸಿದರು. ವಾರದ ನಂತರ ಡೆಟ್ರಾಯಿಟ್‌ಗೆ ಹೊರಟುಬಿಟ್ಟರು.

"ಅಣ್ಣ ಸಾಯೋವರೆಗೂ ಫೋನಿನಲ್ಲಿ ಕಿಚಾಯಿಸ್ತಿದ್ದ. ಅವತ್ತು ನಾವು ಹತ್ತೇ ಜನ ಆಡಿದ್ವಿ ಕಣೋ ಅಂತ," ಎಂದು ನಗುತ್ತಿದ್ದರು. ಈ ಕಥೆಯನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಕೇಳೀ ಕೇಳೀ ಬಾಯಿಪಾಠ ಆಗಿತ್ತು ಎಂಬುದನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಯಾಕೆಂದರೆ ಗೊತ್ತಿಲ್ಲದೆ ಆಯಿತು ಎನ್ನುವ ನೆಪ ನನಗಿಲ್ಲ.

ಕ್ಲಬ್ಬಿನ ಉಳಿದ ಚರಿತ್ರೆಯೂ ಅವರ ಬಾಯಲ್ಲೇ ಕೇಳಿದ್ದು. ಹಡಗುಕಟ್ಟೆಯ ಕೂಲಿಗಳು ಸೇರಿ ಕಟ್ಟಿದ್ದು. ಸ್ವಂತ ಮೈದಾನ ಇರಲಿಲ್ಲ, ಹತ್ತಾರು ಕ್ಲಬ್ಬುಗಳು ಒಂದೇ ಮೈದಾನದಲ್ಲಿ ಸರದಿಯ ಮೇಲೆ ಆಡಬೇಕು. ಗೋಲ್‌ಕೀಪರ್ ಕಟುಕರ ಅಂಗಡಿಯವನು. ಎಡಬದಿಯಲ್ಲಿ ಓಡುವವನು ಬಸ್ಸಿನ ಡ್ರೈವರು, ಒಮ್ಮೆ ಬಸ್ಸನ್ನು ಪ್ರಯಾಣಿಕರ ಸಮೇತ ಮೈದಾನದ ಹೊರಗೆ ನಿಲ್ಲಿಸಿ ಬಂದು ಆಡಿದನಂತೆ. ಒಂದು ವರ್ಷ ದೇಶದ ಕಪ್ ಗೆದ್ದು, ಯುರೋಪಿನ ದೊಡ್ಡ ದೇಶವೊಂದರ ತಂಡದ ಮೇಲೆ ಆಡುವ ಭಾಗ್ಯ ಬಂತು. ಎಷ್ಟು ಗೋಲು ತಿಂದರು ಎಂದು ಕೇಳಿದೆ. ಅಂಕಲ್ ಒಂದು ಕೈಯ ಬೆರಳು ಮುಗಿಸಿ, ಇನ್ನೊಂದು ಕೈಗೆ ಹೋಗಿ, "ಆಮೇಲೆ ಎಣಿಸೋದು ಬಿಟ್ವಿ," ಎಂದರು. ಈಗ ಅದು ಪೂರಾ ಪ್ರೊಫೆಷನಲ್ ಕ್ಲಬ್ಬು, ಹೊರದೇಶದ ಆಟಗಾರರಿದ್ದಾರೆ. "ಈಗಿನವರಿಗೆ ಸಂಬಳಾನೂ ಇದೆ, ಹುಲ್ಲೂ ಇದೆ," ಎಂದು ಗೊಣಗುತ್ತಿದ್ದರು.

ವಾರ ವಾರ ಅಣ್ಣ ಅಂಚೆಯಲ್ಲಿ ತಂಡದ ಪಟ್ಟಿ ಕಳಿಸುತ್ತಿದ್ದ. ಇವರು ಕಾರ್ಖಾನೆಯಿಂದ ಬಂದು, ಕೈತೊಳೆದು, ನೋಟ್‌ಬುಕ್ಕಿಗೆ ಇಳಿಸುತ್ತಿದ್ದರು. ಅಣ್ಣ ತೀರಿಕೊಂಡ ಮೇಲೆ ಫೋನಿನಲ್ಲಿ ನೋಡಿ ಬರೆದರು. ಹಾಗೆ ತುಂಬಿದ ನೋಟ್‌ಬುಕ್ಕುಗಳು ಒಂದು ಇಡೀ ಬೀರು.

ನಾವು ನೇಪರ್‌ವಿಲ್‌ಗೆ ಬಂದ ಮೇಲೂ ವರ್ಷಕ್ಕೆರಡು ಸಲ ಹೋಗಿ ನೋಡಿ ಬರುತ್ತಿದ್ದೆವು. ಹೋದ ಚಳಿಗಾಲ ಅಂಕಲ್ ಫೋನ್ ಮಾಡಿದರು. ಕ್ಲಬ್ಬಿಗೆ ನೂರು ತುಂಬುತ್ತಿದೆ, ಪುಸ್ತಕ ತರುತ್ತಾರೆ, ಕ್ಲಬ್ಬಿನ ಹಳೆಯ ಕಾಗದಗಳೆಲ್ಲ ಪೈಪ್ ಒಡೆದು ನೀರುಪಾಲಾಗಿವೆ, ಇವರ ಕಾಲದಿಂದೀಚಿನದಕ್ಕೆ ಈಗ ಇವರ ನೋಟ್‌ಬುಕ್ಕುಗಳೇ ಗತಿ. ಆಡಿದ ಪ್ರತಿಯೊಬ್ಬನ ಹೆಸರೂ ಬರುತ್ತದೆ.

"ನನಗೆ ಬೇಕಾಗಿರೋದು ಒಂದೇ. ಅಣ್ಣನ ಹೆಸರಿನ ಕೆಳಗೆ ನನ್ನ ಹೆಸರು ಅಚ್ಚಾಗಬೇಕು. ಅಷ್ಟು ನೋಡಿದರೆ ಸಾಕು," ಎಂದರು.

"ನಾನ್ ಮಾಡ್ಕೊಡ್ತೀನಿ ಬಿಡಿ ಅಂಕಲ್, ಇದೆಲ್ಲ ವೀಕೆಂಡ್ ಕೆಲಸ," ಎಂದೆ. ದಿನವೂ ಕಂಪನಿಗಳ ಡೇಟಾ ತೊಳೆದು ಒಗೆದು ಒಣಗಿಸುವವಳು ನಾನು. ಜಂಬ ಇಲ್ಲದಿರುತ್ತದೆಯೇ?

ವೀಕೆಂಡ್ ಕೆಲಸ ನಾಲ್ಕು ತಿಂಗಳು ಹಿಡಿಯಿತು. ಪುಟಪುಟವೂ ಫೋಟೋ, ಫೋಟೋದಿಂದ ಎಕ್ಸೆಲ್. ಒಂದು ಪಂದ್ಯದ ಒಬ್ಬೊಬ್ಬ ಆಟಗಾರನಿಗೂ ಒಂದೊಂದು ಸಾಲು. ಅಂಕಲ್ ಎಲ್ಲರಿಗೂ ಇನಿಷಿಯಲ್ ಹಾಕಿ ಮನೆತನದ ಹೆಸರು ಬರೆದಿದ್ದರು. ಅಷ್ಟು ಚಿಕ್ಕ ದೇಶದಲ್ಲಿ ಮನೆತನದ ಹೆಸರುಗಳೂ ಕಡಿಮೆ, ತಿರುಗಿ ತಿರುಗಿ ಅವೇ ಹೆಸರು. ಎಲ್ಲ ತುಂಬಿಸಿ ಮುಗಿಸಿದ ದಿನ, ಆಫೀಸಿನಲ್ಲಿ ಪ್ರತಿ ಫೈಲಿಗೂ ಮಾಡುವಂತೆ, ಯೋಚನೆಯೇ ಇಲ್ಲದೆ ಡೂಪ್ಲಿಕೇಟ್ ತೆಗೆಯುವ ಬಟನ್ ಒತ್ತಿದೆ. ಒಂದೇ ಪಂದ್ಯದಲ್ಲಿ ಒಂದೇ ಹೆಸರು ಎರಡು ಸಲ ಇದ್ದರೆ ಒಂದನ್ನು ಅದೇ ಅಳಿಸುತ್ತದೆ. ಅಷ್ಟು ಸಾವಿರ ಸಾಲುಗಳಲ್ಲಿ ಒಂದೇ ಒಂದು ಸಿಕ್ಕಿತು, ಅಳಿಸಿದ್ದೇನೆ ಎಂದು ತೋರಿಸಿತು. ಯಾವುದೆಂದು ನೋಡಲೂ ಇಲ್ಲ. ಅಬ್ಬಬ್ಬಾ, ಎಂಥ ಮನುಷ್ಯ ಎಂದು ಬೆರಗಾಗಿ ಅಲ್ಲಿಂದಲೇ ಫೋನ್ ಮಾಡಿದೆ.

"ಅಂಕಲ್, ಇಷ್ಟು ವರ್ಷದಲ್ಲಿ ನೀವು ಮಾಡಿರೋದು ಒಂದೇ ತಪ್ಪು! ಅದನ್ನೂ ನಾನು ತೆಗೆದುಬಿಟ್ಟೆ!"

"ಒಂದೇನಾ?" ಎಂದು ಮೂರು ಸಲ ಕೇಳಿದರು. ಭಾನುವಾರ ಚರ್ಚಿನಲ್ಲಿ ಕಂಡವರಿಗೆಲ್ಲ ಹೇಳಿಕೊಂಡು ಬಂದರಂತೆ.

ಹೋದ ತಿಂಗಳು ಕ್ಲಬ್ಬಿನವರು ಪುಸ್ತಕದ ಪಿಡಿಎಫ್ ಕಳಿಸಿದರು. ಅಚ್ಚಾಗಿದೆ, ಅಂಕಲ್‌ಗೆ ಒಂದು ಪ್ರತಿ ಪಾರ್ಸೆಲ್ ಹಾಕಿದ್ದೇವೆ ಎಂದು ಬರೆದಿದ್ದರು. ಶನಿವಾರ ಬೆಳಿಗ್ಗೆ ನಾನು ದೋಸೆ ಹುಯ್ಯುತ್ತಿದ್ದೆ. ಹನ್ನೊಂದು ವರ್ಷದ ಮಗಳು, ಸ್ಕೂಲ್ ಟೀಮಿನಲ್ಲಿ ಸಾಕರ್ ಆಡುವವಳು, ತಾನು ಅಜ್ಜ ಎಂದು ಕರೆಯುವ ಅಂಕಲ್ ಆಡಿದ ಮ್ಯಾಚನ್ನು ಲ್ಯಾಪ್‌ಟಾಪಿನಲ್ಲಿ ಹುಡುಕುತ್ತಿದ್ದಳು.

"ಅಮ್ಮಾ, ವೇರ್ ಈಸ್ ದಿ ಇಲೆವೆಂತ್ ಗೈ?"

"ಸರಿಯಾಗಿ ಎಣಿಸು."

"ಐ ಡಿಡ್. ಇಟ್ಸ್ ಟೆನ್."

ಒಲೆಯ ಮೇಲೆ ದೋಸೆ ಸೀದು ಹೋಯಿತು. ಅಣ್ಣತಮ್ಮಂದಿರಿಬ್ಬರ ಹೆಸರೂ ಒಂದೇ ಅಕ್ಷರದಿಂದ ಶುರು. ಇನಿಷಿಯಲ್ ಒಂದೇ, ಮನೆತನ ಒಂದೇ, ಪಂದ್ಯ ಒಂದೇ. ಅವರಿಬ್ಬರೂ ಜೊತೆಯಾಗಿ ಆಡಿದ್ದು ಬದುಕಿನಲ್ಲಿ ಆ ಒಂದೇ ಸಲ. ಆ ಒಂದು ಡೂಪ್ಲಿಕೇಟ್ ಅಂಕಲ್.

ಯಾರು ಮಾಡಿದರೂ ನಾನು ಮಾಡಬಾರದಿತ್ತು. ನನಗಿರುವುದು ಒಂದೇ ಹೆಸರು. ಅಪ್ಪ ಪಾಸ್‌ಪೋರ್ಟಿನಲ್ಲಿ ಮನೆತನದ ಹೆಸರು ಅಂತ ಬೇರೆ ಹಾಕಿಸಲಿಲ್ಲ, ನಮ್ಮಲ್ಲಿ ಆ ಪದ್ಧತಿಯೇ ಇರಲಿಲ್ಲ. ಅಮೆರಿಕದ ವೀಸಾದವರು ನನ್ನ ಹೆಸರನ್ನು ಮನೆತನದ ಜಾಗಕ್ಕೆ ತಳ್ಳಿ, ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಎಂದು ಹಾಕಿದರು. ಮೊದಲ ಹೆಸರು ಗೊತ್ತಿಲ್ಲ ಎಂದು ಅದರರ್ಥ. ಎರಡು ವರ್ಷ ದಂತವೈದ್ಯರ ಹತ್ತಿರ, ಬ್ಯಾಂಕಿನಲ್ಲಿ, ಎಲ್ಲೆಲ್ಲೂ ನನ್ನನ್ನು "ಫ್ನೂ" ಎಂದು ಕೂಗಿದರು. ಕೌಂಟರು ಕೌಂಟರಿನಲ್ಲಿ ಜಗಳ ಆಡಿದವಳು ನಾನು. ಮನುಷ್ಯರ ಹೆಸರನ್ನು ಒಂದು ಸಲ ಕಣ್ಣೆತ್ತಿ ನೋಡೋಕೆ ನಿಮಗೇನು ಧಾಡಿ ಎಂದು ಕಿರುಚಿದವಳು!

ಕ್ಲಬ್ಬಿಗೆ ಮೇಲ್ ಹಾಕಿದೆ. ಅಚ್ಚು ಮುಗಿದಿದೆ, ಎಂದಾದರೂ ಮರುಮುದ್ರಣವಾದರೆ ನೋಡೋಣ ಎಂದು ಅರ್ಧ ಗಂಟೆಯಲ್ಲೇ ಉತ್ತರ ಬಂತು. ಕಾರಿನ ಬೀಗದಕೈ ಎತ್ತಿಕೊಂಡೆ. ಪಾರ್ಸೆಲ್ ಬಿಚ್ಚುವುದಕ್ಕೆ ಮುಂಚೆ ನಾನು ಅಲ್ಲಿರಬೇಕಿತ್ತು.

"ಸಾವಕಾಶ ಡ್ರೈವ್ ಮಾಡು," ಎಂದ ಹುಬ್ಬಳ್ಳಿಯವನಾದ ನನ್ನ ಗಂಡ. "ಮತ್ತ ಸುತ್ತುಬಳಸಿ ಮಾತಾಡಬ್ಯಾಡ. ಹೋದಕೂಡ್ಲೇ ನಾನ ಮಾಡೀನಿ ಅಂತ ಹೇಳಿಬಿಡು."

ಐ-94 ಹೆದ್ದಾರಿಯ ಲಾರಿಗಳಿಗೆಲ್ಲ ಆ ದಿನ ನನ್ನ ಶಾಪ ತಟ್ಟಿದೆ. ಇಂಡಿಯಾನಾದಲ್ಲಿ ರಸ್ತೆ ರಿಪೇರಿ. ಮಿಶಿಗನ್‌ಗೆ ಕಾಲಿಟ್ಟರೆ ಗಡಿಯಾರ ಒಂದು ಗಂಟೆ ಮುಂದೆ, ಏನೂ ಮಾಡದೆಯೇ ಒಂದು ಗಂಟೆ ಹಾಳು. ದಾರಿಯುದ್ದಕ್ಕೂ ಮಾತು ಜೋಡಿಸಿದೆ, ಒಡೆದೆ, ಮತ್ತೆ ಜೋಡಿಸಿದೆ. ಕ್ಲಬ್ಬಿನವರೇ ಬಿಟ್ಟಿದ್ದಾರೆ ಎಂದು ಹೇಳಿಬಿಡೋಣವೇ ಎಂದೂ ಅನ್ನಿಸಿತು. ಸುಳ್ಳು ಯಾಕೆ ಹೇಳಲಿ, ಅರ್ಧ ದಾರಿಯ ಕಾಲಮಜೂ ಎಕ್ಸಿಟ್ ದಾಟುವವರೆಗೂ ಹಾಗೇ ಹೇಳುವುದೆಂದು ತೀರ್ಮಾನಿಸಿದ್ದೆ.

ಪಾರ್ಸೆಲ್ ಅಡುಗೆಮನೆಯ ಮೇಜಿನ ಮೇಲಿತ್ತು. ಬಿಚ್ಚಿರಲಿಲ್ಲ. ಪಕ್ಕದಲ್ಲಿ ಕತ್ತರಿ.

"ಗುರುವಾರವೇ ಬಂತು," ಎಂದರು ಅಂಕಲ್. "ನೀನು ಬಂದೇ ಬರ್ತೀಯ ಅಂತ ಗೊತ್ತಿತ್ತು. ಕೆಲಸ ಮಾಡಿದವಳು ನೀನು. ನೀನೇ ಬಿಚ್ಚು." ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದರು. ಎರಡು ದಿನದಿಂದ ಹಾಗೇ ಕಾಯುತ್ತಿದ್ದರೋ ಏನೋ.

ಕೂರಲಾಗಲಿಲ್ಲ. ನಿಂತೇ ಹೇಳಿದೆ. ಬಟನ್ನು, ಡೂಪ್ಲಿಕೇಟು, ಒಂದೇ ಇನಿಷಿಯಲ್ಲು, ಎಲ್ಲ ಒಂದೇ ಉಸಿರಿಗೆ. ತಪ್ಪು ನನ್ನದು ಅಂಕಲ್ ಎಂದು ಎಷ್ಟು ಸಲ ಹೇಳಿದೆನೋ. ಅವರು ತಾವೇ ಕತ್ತರಿ ತೆಗೆದುಕೊಂಡು ಬಿಚ್ಚಿದರು. ಪುಟ ಹುಡುಕಿದರು. ಬೆರಳಿಟ್ಟು ಎಣಿಸಿದರು. ಮತ್ತೆ ಮೇಲಿನಿಂದ ಎಣಿಸಿದರು.

"ಹತ್ತು," ಎಂದರು. ಆಮೇಲೆ ನಕ್ಕರು. "ಕೊನೆಗೂ ಗೆದ್ದ ನನ್ ಮಗ. ಹತ್ತೇ ಜನ ಆಡಿದ್ವಿ ಅಂತಿದ್ದನಲ್ಲ, ಅಚ್ಚು ಹಾಕಿಸಿಬಿಟ್ಟ."

ನಾನೂ ನಗಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು.

"ಒಂದೇ ತಪ್ಪು ಸಿಕ್ಕಿತು ಅಂದೆಯಲ್ಲ," ಎಂದರು. "ಅದು ನಾನಾ?"

ಅಳು ತಡೆಯಲಾಗಲಿಲ್ಲ. ನಲವತ್ತೈದರ ಹೆಂಗಸು, ಅಡುಗೆಮನೆಯಲ್ಲಿ ನಿಂತು, ಮೂಗು ಸೋರಿಸಿಕೊಂಡು ಅತ್ತೆ. ಅವರು ಪೇಪರ್ ಟವೆಲ್ ಹರಿದು ಕೊಟ್ಟು ಒಳಗೆ ಹೋದರು. ಬೀರುವಿನ ಬಾಗಿಲ ಸದ್ದು ಕೇಳಿಸಿತು. ಬರುವಾಗ ಕೈಯಲ್ಲಿ ಮೊದಲನೇ ನೋಟ್‌ಬುಕ್ಕಿತ್ತು. ಅದರ ಮೊದಲ ಪುಟದ ಅಕ್ಷರ ಬೇರೆಯವರದು ಎಂದು ಫೋಟೋ ತೆಗೆಯುವಾಗ ನಾನು ಗಮನಿಸಿಯೇ ಇರಲಿಲ್ಲ. ಅಂಕಲ್ ಊರು ಬಿಡುವ ದಿನ ಅಣ್ಣ ಆ ನೋಟ್‌ಬುಕ್ಕು ಕೊಂಡು, ಇಬ್ಬರೂ ಆಡಿದ ಪಂದ್ಯದ ಪಟ್ಟಿಯನ್ನು ತಾನೇ ಬರೆದು, ಮುಂದಿನದನ್ನು ನೀನು ಬರೆದುಕೊಂಡು ಹೋಗು ಎಂದು ಕೈಗಿತ್ತಿದ್ದನಂತೆ. ಬದುಕಿಡೀ ಹತ್ತು ಎಂದು ಕಿಚಾಯಿಸಿದವನು ಅಲ್ಲಿ ಹನ್ನೊಂದು ಹೆಸರು ಬರೆದಿದ್ದ.

"ಓದು," ಎಂದು ಅಂಕಲ್ ನೋಟ್‌ಬುಕ್ಕನ್ನು ನನ್ನ ಮುಂದಿಟ್ಟರು. "ಜೋರಾಗಿ ಓದು."

ಒಂದೊಂದೇ ಹೆಸರು ಓದಿದೆ. ಎಂಟನೆಯದು ಅವರ ಮನೆತನದ ಹೆಸರು. ಅವರು ಅಲ್ಲಾಡಲಿಲ್ಲ, ಅದು ಅಣ್ಣ. ಒಂಬತ್ತನೆಯದು ಮತ್ತೆ ಅದೇ ಇನಿಷಿಯಲ್, ಅದೇ ಹೆಸರು. ಓದಿದೆ. ಅಂಕಲ್ ಕುರ್ಚಿಯಲ್ಲಿ ನೆಟ್ಟಗೆ ಕೂತು ಕೈ ಮೇಲೆತ್ತಿದರು.

"ಇದ್ದೀನಿ," ಎಂದರು. "ಮುಂದೆ ಓದು, ಇನ್ನೂ ಇಬ್ಬರಿದ್ದಾರೆ."