ಬಿಚ್ಚಿ ನೋಡಿದ ಕಸಿ

ದಾಂಡೇಲಿಯ ನಮ್ಮ ತೋಟಗಾರಿಕೆ ಸಂಘದಲ್ಲಿ ಮಾವಿನ ಕಸಿ ಕಟ್ಟುತ್ತಿದ್ದವರು ಒಬ್ಬ ಹಿರಿಯರು. ಚಾಕುವನ್ನು ಅಂಗಿಯ ತೋಳಿಗೆ ಒರೆಸಿ, ಕಡ್ಡಿಯನ್ನು ಸಸಿಗೆ ಕೂಡಿಸಿ, ಪ್ಲಾಸ್ಟಿಕ್ ಪಟ್ಟಿ ಸುತ್ತಿದ ಕೂಡಲೇ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಿದ್ದರು. ‘ಇನ್ನ ಕೈ ಹಚ್ಚಬ್ಯಾಡ್ರಿ, ಅದರ ಕೆಲಸ ಅದು ಮಾಡತೈತಿ’ ಎನ್ನುವುದು ಅವರ ಖಾಯಂ ಮಾತು.

ಅಂಬೇವಾಡಿಯ ಹಳೆಯ ಮಾವಿನಮರವೊಂದು ರಸ್ತೆಗಾಗಿ ಉರುಳುವ ಮುನ್ನ ಅದರ ಕಡ್ಡಿ ತಂದು ಅವರು ಕೆಲವೇ ಕಸಿ ಮಾಡಿದರು. ಆ ಮರದ ಹಣ್ಣು ತಿಂದು ಬೆಳೆದವನೆಂದು ನನಗೂ ಒಂದು ಸಿಕ್ಕಿತು. ನಾನೋ, ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ಅರ್ಧದಾರಿಯಿಂದ ಮನೆಗೆ ಮರಳುವವನು. ಕಸಿ ಕೂಡಿತೋ ಇಲ್ಲವೋ ಎಂಬ ಚಿಂತೆ ತಡೆಯಲಾರದೆ ಹತ್ತನೇ ದಿನ ಪಟ್ಟಿ ಬಿಚ್ಚಿದೆ. ನೋಡಿದರೆ ಚೆನ್ನಾಗಿಯೇ ಕೂಡಿಕೊಳ್ಳುತ್ತಿತ್ತು. ಗಡಿಬಿಡಿಯಲ್ಲಿ ಮತ್ತೆ ಸುತ್ತಿದೆ. ವಾರದೊಳಗೆ ಕಡ್ಡಿ ಒಣಗಿತು. ಇನ್ನೊಂದು ಕಡ್ಡಿ ಕೇಳೋಣವೆಂದರೆ ಮರವೇ ಇರಲಿಲ್ಲ.

ಸಂಘದ ಸಭೆಯಲ್ಲಿ ತಲೆ ತಗ್ಗಿಸಿ, ಕಸಿ ಒಣಗಿತೆಂದು ಆ ಹಿರಿಯರಿಗೆ ಹೇಳಿದೆ.

‘ಬಿಚ್ಚಿ ನೋಡಿದ್ರೇನ್ರಿ ಸರ?’

‘ಹೂಂ ರೀ.’

ಅವರು ಬೈಯಲಿಲ್ಲ. ಮನೆಗೆ ಕರೆದೊಯ್ದು, ಹಿತ್ತಲಲ್ಲಿ ಕೆಂಪು ಚಿಗುರೊಡೆದಿದ್ದ ಸಸಿಯೊಂದನ್ನು ತೋರಿಸಿದರು. ಅದರ ಚೀಲದ ಮೇಲೆ ನನ್ನ ಹೆಸರಿತ್ತು.

‘ನಿಮಗಂತ ಮೊದಲಽ ಎರಡು ಕಟ್ಟಿದ್ದೆ ರೀ. ಒಂದು ಬಿಚ್ಚಿ ನೋಡಾಕ, ಒಂದು ಬೆಳಸಾಕ.’