ಚಾಪೆಯ ಮೇಲೆ ಇಡಲಾಗದ ಕೆಲಸ

ನಾಗಮ್ಮನ ಬೆರಳ ತುದಿಗಳಿಗೆ ಸದಾ ಬೂದಿಯ ಬಣ್ಣ. ಮೊಳಕಾಲ್ಮೂರಿನ ಮಗ್ಗಗಳಲ್ಲಿ ಹಾಸು, ಎಂದರೆ ಸೀರೆಯ ಉದ್ದದೆಳೆಗಳು, ಮುಗಿದಾಗ, ನೇಕಾರರು ಕೊನೆಯ ಗೇಣುದ್ದವನ್ನು ಮಗ್ಗದಲ್ಲೇ ಬಿಡುತ್ತಿದ್ದರು. ಆ ಎಳೆಗಳಿಗೆ ಹೊಸ ಎಳೆಗಳನ್ನು ಒಂದೊಂದಾಗಿ ಹೊಸೆದು ಸೇರಿಸುವುದು ಅವಳ ಕೆಲಸ. ರೇಷ್ಮೆ ಜಾರದಿರಲೆಂದು ಬೂದಿ. ಏನು ಹರಿದರೂ ಅವಳದು ಒಂದೇ ಮಾತು: “ಇರ್ಲಿ ಬಿಡ್ರಮ್ಮಾ, ಕೂಡ್ಸಿದ್ರಾತು.” ಅವಳು ತೀರಿಕೊಂಡ ಮೇಲೆ ಹಾಗೆನ್ನುವವರು ನನಗೆ ಸಿಕ್ಕಿಲ್ಲ.

ಅಮಲ್ದಾರರು ಊರಿಗೆ ಬರುವ ದಿನ ಬೆಳಿಗ್ಗೆಯೂ ನಾನು ನಮ್ಮ ಮನೆಯ ಒಲೆ ಬಳಿದು, ಬೂದಿ ಜರಡಿ ಹಿಡಿದು, ಅವಳ ಕರಟಕ್ಕೆ ತುಂಬಿಕೊಟ್ಟೆ. “ಇವತ್ತು ಸ್ವಲ್ಪ ಸಾಕ್ರಮ್ಮಾ. ಎಲ್ರೂ ಮಂಟಪಕ್ಕೆ ಹೊಂಟಾರೆ,” ಎಂದಳು.

ಪ್ಲೇಗಿನ ನಂತರ ಊರಾಚೆ ಹೊಸ ಬೀದಿ ಆಗುವುದಿತ್ತು. ಹಳೆಯ ಗುಡಿಸಲುಗಳನ್ನು ಕೀಳುವುದಿತ್ತು. ಊರಿಗೆ ಮಾಲು ಮಾಡಿಕೊಡುವವರಿಗೆ ಮಾತ್ರ ಜಾಗ ಎಂದು ಬೀದಿಯ ಹಿರಿಯ ಪೆದ್ದಣ್ಣ ಗೊತ್ತುಮಾಡಿದ್ದರು. ಮಾಡಿದ್ದನ್ನು ಮಂಟಪದ ಚಾಪೆಯ ಮೇಲಿಡಬೇಕು, ಚಳ್ಳಕೆರೆಯಿಂದ ಅಮಲ್ದಾರರು ಬಂದು ನೋಡುತ್ತಾರೆ. ನಾಗಮ್ಮ ಏನಿಡಬೇಕು? ಜಾಗ ಸಿಗದಿದ್ದರೆ ಚಳ್ಳಕೆರೆಯ ತಂಗಿಯ ಮನೆಗೆ ಹೋಗಬೇಕು. ಅಲ್ಲಿ ಎಣ್ಣೆಗಾಣ, ಕಂಬಳಿ ಉಂಟು, ರೇಷ್ಮೆ ಮಗ್ಗವಿಲ್ಲ. ನಾನು ಓದಿದ ಕಾನ್ವೆಂಟಿನಲ್ಲಿ ಸಿಸ್ಟರು ಯಾವ ಊರಲ್ಲಿ ಏನು ತಯಾರಾಗುತ್ತದೆಂದು ಬಾಯಿಪಾಠ ಮಾಡಿಸಿದ್ದರು. ಆ ಪಾಠದಲ್ಲಿಯೂ ಇವಳಿಗೆ ಜಾಗವಿರಲಿಲ್ಲ.

ಮಂಟಪದಲ್ಲಿ ಎಣ್ಣೆ, ಮಡಕೆ, ಸಾಲಾಗಿ ಸೀರೆಗಳು. ಕ್ಷೌರಿಕ ತಿಪ್ಪಯ್ಯ, “ನಾನು ಬೋಳ್ಸಿದ ತಲೆ ತಂದಿಡ್ಲೇನ್ರಿ ಪೆದ್ದಣ್ಣಾರೆ?” ಎಂದಾಗ ನಗು ಎದ್ದಿತು. ನಾಗಮ್ಮ ನಗಲಿಲ್ಲ. ಒಂದು ಸೀರೆಯ ಕುಚ್ಚನ್ನು ಬೆರಳಲ್ಲಿ ಹಿಡಿದು ನೋಡುತ್ತಿದ್ದಳು.

“ಪೆದ್ದಣ್ಣಾ, ಕುಚ್ಚು ಇಷ್ಟುದ್ದ ಐತೆ. ಮಗ್ಗದಾಗೆ ಏನು ಬಿಟ್ಟೀರಿ?”

“ಏನೂ ಬಿಟ್ಟಿಲ್ಲ. ಅಮಲ್ದಾರ್ರ ಕಣ್ಣಿಗೆ ಚೆಂದ ಕಾಣ್ಲಿ ಅಂತ ಮಗ್ಗದಾಗಿನ ಎಳೆ ಪೂರಾ ಎಳ್ಕಂಡ್ವಿ.”

“ಎಲ್ಲಾ ಮನೇಲೂ?”

ಪೆದ್ದಣ್ಣ ಉಳಿದ ನೇಕಾರರ ಮುಖ ನೋಡಿದರು. ಒಬ್ಬರನ್ನು ನೋಡಿ ಒಬ್ಬರು ಹಾಗೆಯೇ ಮಾಡಿದ್ದರು.

“ಅಯ್ಯೋ ದೇವುಡಾ,” ಎಂದು ನಾಗಮ್ಮ ಕುಕ್ಕರಿಸಿದಳು. “ಕೂಡ್ಸೋಕೆ ಒಂದೆಳೇನೂ ಉಳೀಲಿಲ್ವಲ್ರೋ.”

ಅಷ್ಟರಲ್ಲಿ ಬಂದ ಅಮಲ್ದಾರರು ಸಪ್ಪೆ ಮುಖಗಳ ಕಾರಣ ಕೇಳಿದರು. ಇನ್ನು ಪ್ರತಿ ಮಗ್ಗಕ್ಕೂ ಎಲ್ಲ ಎಳೆಗಳನ್ನು ಒಂದೊಂದಾಗಿ ಹೊಸದಾಗಿ ಪೋಣಿಸಬೇಕು, ಅದು ನಾಗಮ್ಮನಿಂದಲೇ ಆಗಬೇಕು, ಅಲ್ಲಿಯವರೆಗೆ ಊರಲ್ಲಿ ಸೀರೆಯಿಲ್ಲ ಎಂದು ಪೆದ್ದಣ್ಣ ವಿವರಿಸಿದರು.

“ಈಕೆ ಮಾಡಿದ್ದು ಚಾಪೆಯ ಮೇಲೆ ಎಲ್ಲಿದೆ?”

ಪೆದ್ದಣ್ಣ ಕತ್ತು ಕೆರೆದುಕೊಂಡರು. “ಕಾಣ್ಸಲ್ಲ ಬುದ್ದಿ. ಎಲ್ಲಾ ಸೀರೆಯಾಗೂ ಐತೆ.”

ಹೊಸ ಬೀದಿಯಲ್ಲಿ ನಾಗಮ್ಮನಿಗೂ ತಿಪ್ಪಯ್ಯನಿಗೂ ಅಮಲ್ದಾರರು ಅಂದೇ ಜಾಗ ಗುರುತಿಸಿ ಗೂಟ ಹೊಡೆಸಿದರು. ನಾಗಮ್ಮ ಆಗಲೇ ಸೆರಗು ಸಿಕ್ಕಿಸಿಕೊಂಡು, “ಮೊದ್ಲು ಯಾರ್ ಮಗ್ಗ?” ಎಂದಳು.

ಸಂಜೆ ಪಕ್ಕದ ಮನೆಯ ನೇಕಾರರ ಹೆಂಡತಿ ಸುಬ್ಬಮ್ಮ ಬಾವಿಕಟ್ಟೆಯ ಮೇಲೆ ಕಾಲು ಚಾಚಿ ಕೂತಿದ್ದರು. ನೀರು ಸೇದುವ ಹಗ್ಗ, ಮಗ್ಗ ನಿಂತು ಬಿಡುವಾಗಿದ್ದ ಅವರ ಯಜಮಾನರ ಕೈಯಲ್ಲಿತ್ತು.

“ನಮ್ಮನೇಗೆ ನಾಗಮ್ಮ ಕೊನೇಗ್ ಬಂದ್ರೂ ಆತು ಬಿಡ್ರಿ,” ಎಂದರು. “ಇವ್ರು ನೀರು ಚೆನ್ನಾಗೇ ಸೇದ್ತಾರೆ.”